ಕಿವಿ ಮೇಸ್ತ್ರಿಯ ಸಲಾಕೆ

ಕುಕ್ಕರ್ ಕೂಗಿದ್ದು ಅವನಿಗೆ ಕಾಣಿಸಿತು, ಕೇಳಿಸಲಿಲ್ಲ. ಕಿಟಕಿಯಾಚೆ ಲಾರಿಯೊಂದು ಹಿಂದಕ್ಕೆ ಹೋಗಲು ಒದ್ದಾಡುತ್ತಿತ್ತು, ಅವನ ಎಡಗಿವಿಯ ತುಂಬ ಅದರದೇ ಸದ್ದು. ಬಲಮಗ್ಗುಲಿನ ಅಡುಗೆಮನೆಯಲ್ಲಿ ಹಬೆ ಎದ್ದು ಗೋಡೆಗೆ ಬಡಿಯಿತು, ಹೆಂಡತಿ ಬಗ್ಗಿ ಒಲೆ ಆರಿಸಿದಳು, ಆರಿಸುತ್ತ ಏನೋ ಅಂದಳು. ಅಂದಳೆಂದು ತಿಳಿದದ್ದು ಅವಳ ದವಡೆ ಅಲುಗಿದ್ದರಿಂದ. ಅವನು ಹೂಂ ಅಂದ. ಈಚೆಗೆ ಎಲ್ಲದಕ್ಕೂ ಹೂಂ ಅನ್ನುವುದನ್ನು ರೂಢಿ ಮಾಡಿಕೊಂಡಿದ್ದ. ಹೂಂ ಅಂದರೆ ಎದುರಿಗಿದ್ದವರು ಸಮಾಧಾನವಾಗಿ ಹೊರಟುಹೋಗುತ್ತಾರೆ, ಯಾವುದಕ್ಕೆ ಒಪ್ಪಿಕೊಂಡೆನೋ ಎಂಬ ದಿಗಿಲು ಮಾತ್ರ ಒಪ್ಪಿಕೊಂಡವನ ಹೊಟ್ಟೆಯಲ್ಲಿ ಉಳಿಯುತ್ತದೆ. ಹೆಂಡತಿ ತಟ್ಟೆ ತಂದು ಅವನ ಎಡಕ್ಕೆ ಕೂತು, ಆಡಿದ್ದನ್ನೇ ಇನ್ನೊಂದು ಸಲ ಆಡಿದಳು. ಕೆಳಗಿನ ಬೀದಿಯ ತನ್ನ ತಮ್ಮನ ಮನೆಗೆ ನೀರು ಹೊತ್ತು ಹಾಕಿ ಬರುತ್ತಾಳಂತೆ, ಬೀಗದ ಕೈ ಪಕ್ಕದ ಮನೆಯಲ್ಲಿ ಇರುತ್ತದಂತೆ. ಈ ನಡುವೆ ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾಳಲ್ಲ, ಇವಳಿಗೂ ವಯಸ್ಸಾಯಿತು ಅಂದುಕೊಂಡು ಅವನು ಅನ್ನ ಕಲಸಿದ. ಎಡಗಡೆ ಜಾಗವಿಲ್ಲದೆ ಗೋಡೆಗೆ ಒತ್ತಿಕೊಂಡು ಕೂತಿದ್ದಾಳೆಂಬುದು ಅವನ ಗಮನಕ್ಕೆ ಬರಲಿಲ್ಲ.

ನೀರಿನ ಆಫೀಸಿನಲ್ಲಾಗಲಿ ಬೀದಿಯಲ್ಲಾಗಲಿ ಅವನಿಗೆ ಕಿವಿ ಮೇಸ್ತ್ರಿ ಅಂತಲೇ ಹೆಸರು. ಎದೆಯೆತ್ತರದ ಕಬ್ಬಿಣದ ಸಲಾಕೆ, ಅದರ ಒಂದು ತುದಿಗೆ ನಿಂಬೆಹಣ್ಣಿನ ಗಾತ್ರದ ಮರದ ಗುಂಡು. ಇನ್ನೊಂದು ತುದಿಯನ್ನು ಪೈಪಿಗೆ ಊರಿ, ಗುಂಡಿಗೆ ಕಿವಿ ಕೊಟ್ಟರೆ ನೆಲದೊಳಗೆ ನೀರು ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕುತ್ತಾನೆ, ಆಳುಗಳು ಅಗೆಯುತ್ತಾರೆ, ಒಡೆದ ಜಾಗ ಸಿಗುತ್ತದೆ. ಇಷ್ಟೇ ಕೆಲಸ. ಆದರೆ ಇಷ್ಟನ್ನು ಮಾಡುವವನು ಅವನೊಬ್ಬನೇ ಆದ್ದರಿಂದ ಅವನಿಗೆ ತನ್ನ ಕಿವಿಯ ಮೇಲೆ, ಕೆಲವರಿಗೆ ಮೀಸೆಯ ಮೇಲೆ ಇರುವಂಥ ಜಂಬವಿತ್ತು. ಹೋದ ವರ್ಷ ಮೇನ್ ಲೈನು ಒಡೆದಾಗ ಗುಂಡಿಯ ಕೆಸರು ನೀರಿನಲ್ಲಿ ಮುಳುಗಿ ಜಾಯಿಂಟು ಬಿಗಿದು ಬಂದ. ಆಮೇಲೆ ಬಲಗಿವಿ ನೋಯಿತು, ಸೋರಿತು, ಒಣಗಿತು, ಒಣಗಿದ ಮೇಲೆ ಅದರ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ, ಡಾಕ್ಟರಿಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ. ಸಲಾಕೆಯನ್ನು ಎಡಗಿವಿಗೆ ಬದಲಾಯಿಸಿಕೊಂಡ, ಯಾರಾದರೂ ನೋಡಿದರೆ ಕುತ್ತಿಗೆ ಹಿಡಿದುಕೊಂಡಿದೆ ಅನ್ನುತ್ತಿದ್ದ. ಒಂಟಿ ಕಿವಿಗೆ ಸದ್ದು ಕೇಳುತ್ತದೆ, ಸದ್ದಿನ ದಿಕ್ಕು ಹತ್ತುವುದಿಲ್ಲ. ಆದರೂ ಅಲ್ಲಲ್ಲಿ ಅಂದಾಜಿನ ಮೇಲೆ ಗುರುತು ಹಾಕಿ ಹೇಗೋ ನಿಭಾಯಿಸಿದ್ದ, ಹೋದ ವಾರದ ತನಕ.

ಹೋದ ವಾರ ಎಂದರೆ ಟೈಲರ್ ಅಂಗಡಿಯ ಮೆಟ್ಟಿಲು. ಊಟ ಮುಗಿಸಿ, ಬೂಟು ಮೆಟ್ಟಿ, ಸಲಾಕೆ ಹೆಗಲಿಗೇರಿಸಿ ಇಳಿಜಾರು ಇಳಿಯುತ್ತಿದ್ದವನಿಗೆ ಆ ಮೆಟ್ಟಿಲೇ ಕಣ್ಣಿಗೆ ಕಟ್ಟಿತು. ಕೆಳಗಿನ ಬೀದಿಗೆ ನೀರು ಹೋಗುತ್ತಿರಲಿಲ್ಲ. ಟ್ಯಾಂಕಿನಿಂದ ಬಿಟ್ಟ ನೀರು ಎಲ್ಲೋ ನೆಲದೊಳಗೇ ಇಂಗಿ ಹಾಳಾಗುತ್ತಿತ್ತು, ಮೇಲೆ ಒಂದು ತೊಟ್ಟು ಒದ್ದೆಯಿಲ್ಲ. ಅವನು ಸಲಾಕೆ ಊರಿದ, ಸುಯ್ ಎಂದು ಕೇಳಿಸಿತು, ಜಂಬದಿಂದ ಗುರುತು ಹಾಕಿದ. ಟೈಲರ್ ಕೈಮುಗಿದು ಬೇಡವೆಂದರೂ ಕಲ್ಲಿನ ಮೆಟ್ಟಿಲು ಕಿತ್ತರು. ಸೊಂಟದಾಳ ಅಗೆದರು. ಒಣಮಣ್ಣು. ಇನ್ನೂ ಅಗೆದರು, ಪೈಪು ಸಿಕ್ಕಿತು, ಮದುಮಗಳ ಕೆನ್ನೆಯ ಹಾಗೆ ನುಣ್ಣಗಿತ್ತು. ಸುತ್ತ ನಿಂತವರು ಮೊದಲು ಗುಂಡಿ ನೋಡಿದರು, ಆಮೇಲೆ ಅವನ ಕಿವಿ ನೋಡಿದರು. ಯಾರೂ ನಗಲಿಲ್ಲ, ಒಬ್ಬ ಮಾತ್ರ ಕೆಮ್ಮಿದ. ಆ ಕೆಮ್ಮು ಮಾತ್ರ ಎಷ್ಟು ಸ್ಪಷ್ಟವಾಗಿ ಕೇಳಿಸಿತ್ತು! ಮರುದಿನ ಇಂಜಿನಿಯರ್ ಮೇಡಂ ಕರೆದು ಕೂರಿಸಿ, ಕಾಫಿ ತರಿಸಿ, ಇನ್ನೊಂದು ಸಲ ನೋಡಿ, ಸಿಗದಿದ್ದರೆ ಬೀದಿಯ ಉದ್ದಕ್ಕೂ ಯಂತ್ರ ತಂದು ಅಗೆಸಿಬಿಡೋಣ, ಬೇರೆ ದಾರಿಯಿಲ್ಲ ಎಂದಿದ್ದರು. ಬೀದಿಯೆಂದರೆ ಅಂಗಡಿಗಳು, ಮನೆಗಳ ಜಗಲಿಗಳು, ಶಾಲೆಯ ಗೇಟು, ಎಲ್ಲ ಸೇರಿ. ಆಮೇಲೆ ತುಂಬ ಮರ್ಯಾದೆಯಿಂದ, ಸಾಮಾನಿನ ಸ್ಟೋರಿನಲ್ಲಿ ನಿಮ್ಮ ಅನುಭವ ಬೇಕು ಮೇಸ್ತ್ರಿ ಎಂದೂ ಸೇರಿಸಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮರ್ಯಾದೆ ಅವನ ನಿದ್ದೆ ಕೆಡಿಸಿತ್ತು. ಇವತ್ತು ಆ ಇನ್ನೊಂದು ಸಲ.

ಇಳಿಜಾರಿನಲ್ಲಿ ಖಾಲಿ ಕೊಡಗಳು ಎದುರಾದವು. ಕೆಳಗಿನ ಬೀದಿಯ ಹೆಂಗಸರು ಮೇಲಿನ ಬೀದಿಯ ಕೊಳಾಯಿಗಳಿಗೆ ಬಂದು, ಬೇಡಿ, ಕಾದು, ಹೊತ್ತು ಇಳಿಯುತ್ತಾರೆ. ಅವನ ಮನೆ ಮೇಲಿನ ಬೀದಿಯಲ್ಲಿದೆ. ಇವತ್ತೂ ತಲೆತುಂಬ ನೀರು ಸುರಿದುಕೊಂಡು ಸ್ನಾನ ಮಾಡಿ ಬಂದಿದ್ದಾನೆ. ಕೂದಲು ಇನ್ನೂ ಒದ್ದೆಯಿದೆಯೇನೋ ಎಂದು ಟವೆಲಿನಿಂದ ಕಳ್ಳನ ಹಾಗೆ ತಲೆ ಒರೆಸಿಕೊಂಡ. ಒಬ್ಬ ಮುದುಕಿ ಅವನ ಬಲಗಡೆಯಿಂದ ಹಾದುಹೋಗುವಾಗ ಏನೋ ಅಂದಳು. ಅವಳ ಮೂತಿ ನೋಡಿದರೆ ಶಾಪದಂತಿತ್ತು, ಕೈ ಎತ್ತಿದ್ದು ನೋಡಿದರೆ ಹಾರೈಕೆಯಂತಿತ್ತು. ಅವನು ಹೂಂ ಅಂದು ಬೇಗಬೇಗ ಹೆಜ್ಜೆ ಹಾಕಿದ. ಮೇಸ್ತ್ರಿಗೆ ಕೊಬ್ಬು ಬಂದಿದೆ, ಕೂಗಿದರೆ ತಿರುಗಿ ನೋಡುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆಂದು ಬಾಮೈದನೇ ಒಮ್ಮೆ ಹೇಳಿದ್ದ. ಕೊಬ್ಬು ಅಂದುಕೊಳ್ಳಲಿ. ಕಿವುಡ ಅನ್ನುವುದಕ್ಕಿಂತ ಅದು ಎಷ್ಟೋ ವಾಸಿ. ಟೈಲರ್ ಅಂಗಡಿಯ ಮುಂದೆ ಮೆಟ್ಟಿಲಿನ ಜಾಗದಲ್ಲಿ ಒಂದು ಹಲಗೆ ಇಟ್ಟಿದ್ದರು. ಟೈಲರ್ ಎದುರಿಗೇ ಬಂದು ನಿಂತದ್ದರಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

"ಮೆಟ್ಟಿಲು ನೀವೇ ಕೂರಿಸಿ ಕೊಡ್ತೀರಾ ಅಂದಿದ್ದಕ್ಕೆ ಹೂಂ ಅಂದಿದ್ರಲ್ಲ ಮೇಸ್ತ್ರಿ, ಯಾವಾಗ?" ಎಂದ ಟೈಲರ್.

ಯಾವ ಹೂಂ ಇಲ್ಲಿಗೆ ತಂದು ನಿಲ್ಲಿಸಿತೆಂದು ಮೇಸ್ತ್ರಿ ಲೆಕ್ಕ ಹಾಕಿದ. ಹೋದ ವಾರ ಗುಂಡಿ ಮುಚ್ಚುವಾಗ ಇವನು ಬಲಗಡೆ ನಿಂತು ಏನೋ ಕೇಳಿದ್ದು ನಿಜ. "ಇವತ್ತೇ," ಅಂದುಬಿಟ್ಟ. ಟೈಲರ್ ನಂಬಲಿಲ್ಲ, ಆದರೂ ಒಳಗೆ ಹೋಗಿ ಹೊಲಿಗೆಗೆ ಕೂತ.

ಬಾಮೈದ ಬಂದಿರಲಿಲ್ಲ. ಹೆಂಡತಿಯ ತಮ್ಮನಾದ ಅವನು ಆಫೀಸಿನಲ್ಲಿ ವಾಲ್ವ್ ತಿರುಗಿಸುವವನು. ಮನೆ ಕೆಳಗಿನ ಬೀದಿಯ ಕೊನೆಯಲ್ಲಿ, ಅಂದರೆ ಊರಿಗೆ ನೀರು ಬಿಡುವವನ ಮನೆಗೇ ನೀರಿಲ್ಲ. ಟ್ಯಾಂಕರಿನ ಸಾಲಿನಲ್ಲಿ ನಿಂತಿದ್ದೇನೆ, ಬರುವುದು ತಡವಾಗುತ್ತದೆ ಎಂದು ಹೇಳಿ ಕಳಿಸಿದ್ದ. ಮೇಡಂ ಆಗಲೇ ಬಂದು ಶಾಲೆಯ ಕಾಂಪೌಂಡಿಗೆ ಒರಗಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ನೀರು ಬಿಡುವುದು ಬೆಳಗಿನ ಹೊತ್ತು ಮಾತ್ರ, ಪೈಪಿನಲ್ಲಿ ನೀರಿದ್ದಾಗ ಮಾತ್ರ ಸೋರಿಕೆ ಮಾತಾಡುತ್ತದೆ, ಬೀದಿಯೂ ಆಗಲೇ ತನ್ನ ಗಲಾಟೆಯನ್ನೆಲ್ಲ ಹೊರಗೆ ಹಾಕುತ್ತದೆ. ಕಾಯುವ ಹಾಗಿರಲಿಲ್ಲ. ಟೈಲರ್ ಅಂಗಡಿಯಿಂದ ನಾಲ್ಕು ಮಾರು ಮೇಲೆ ವಾಲ್ವಿನ ಗುಂಡಿ. ಮುಚ್ಚಳ ಸರಿಸಿ, ಮೊದಲು ಕೆಳಗಿನ ಲೈನನ್ನು ಪೂರ್ತಿ ಬಿಟ್ಟು ನೋಡೋಣ ಎಂದು ವಾಲ್ವ್ ತಿರುಗಿಸುವ ಉದ್ದನೆಯ ಕೀಯನ್ನು ತಾನೇ ಇಳಿಬಿಟ್ಟ. ಅದಕ್ಕೆ ಎರಡೂ ಕೈ ಬೇಕು. ಸಲಾಕೆ ಎಲ್ಲಿಡುವುದು? ಒರಗಿಸಲು ಹತ್ತಿರ ಗೋಡೆಯಿಲ್ಲ, ನೆಲದ ಮೇಲೆ ಮಲಗಿಸುವಂತಿಲ್ಲ. ಅದು ದೊಡ್ಡಮೇಸ್ತ್ರಿಯ ಕಟ್ಟಪ್ಪಣೆ.

ದೊಡ್ಡಮೇಸ್ತ್ರಿ ಅವನಿಗೆ ಕೆಲಸ ಕಲಿಸಿದವನು, ಈ ಸಲಾಕೆ ಅವನದು. ಬಡಕಲು ದೇಹ, ಕಮ್ಮಿ ಮಾತು, ಬೆಲ್ಲದ ಕಾಫಿ. ಯಾರಾದರೂ ಸಲಾಕೆಯನ್ನು ನೆಲಕ್ಕಿಟ್ಟರೆ, ಸೈಕಲ್ ಹತ್ತಿದರೆ ಬಗ್ಗುತ್ತೆ, ಬಗ್ಗಿದ ಸಲಾಕೆ ಸುಳ್ಳು ಹೇಳುತ್ತೆ ಎಂದು ಕೆರಳುತ್ತಿದ್ದ. ಶಿಷ್ಯನಿಗೆ ಸಲಾಕೆಯ ಗುಂಡಿಗೆ ಕಿವಿ ಕೊಡಲು ಹೇಳಿ, ಏನು ಕೇಳಿಸ್ತು ಹೇಳು ಅನ್ನುತ್ತಿದ್ದ. ಸರಿ ಹೇಳಿದರೂ ತಪ್ಪು ಹೇಳಿದರೂ ಹೂಂ ಅನ್ನುತ್ತಿದ್ದ. ಕಲಿಸುವ ವಿಧಾನವೇ ಅದು ಅಂತ ಶಿಷ್ಯನ ನಂಬಿಕೆ. ವಾಲ್ವ್ ತಿರುಗಿಸುವಾಗ ಮಾತ್ರ ಮುದುಕ ಸಲಾಕೆಯ ಗುಂಡನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ತುದಿಯನ್ನು ಗುಂಡಿಯೊಳಕ್ಕೆ ಇಳಿಬಿಟ್ಟು, ಕಣ್ಣುಮುಚ್ಚಿ ತಿರುಗಿಸುತ್ತಿದ್ದ. ದುಡಿಯುವ ಎತ್ತಿಗೆ ಬಾಯಿಬುಟ್ಟಿ ಕಟ್ಟಿದ ಹಾಗಿದೆ ಎಂದು ಬಾಮೈದನೂ ಅವನೂ ಹಿಂದಿನಿಂದ ನಕ್ಕದ್ದುಂಟು. ಈಗ ಬೇರೆ ದಾರಿ ಕಾಣದೆ ಅವನೂ ಗುಂಡನ್ನು ಬಾಯಿಗಿಟ್ಟು ಕಚ್ಚಿದ. ತುದಿ ಕೆಳಗೆ ವಾಲ್ವಿನ ಮೈಗೆ ತಾಗಿತು.

ತಾಗಿದ್ದೇ ತಡ, ತಲೆಬುರುಡೆಯೊಳಗೆ ಯಾರೋ ಸುಯ್ ಎಂದರು. ಅವನು ಬೆಚ್ಚಿ ಬಾಯಿ ಬಿಟ್ಟ. ಸದ್ದು ನಿಂತಿತು. ಮತ್ತೆ ಕಚ್ಚಿದ. ಮತ್ತೆ ಅದೇ ಸದ್ದು, ಅದೂ ಬಲಗಡೆ. ವರ್ಷದಿಂದ ಬೀಗ ಜಡಿದುಕೊಂಡಿದ್ದ ಆ ಕಡೆಯಲ್ಲೇ, ಎಡಕ್ಕಿಂತ ಜೋರಾಗಿ. ಮುಚ್ಚಿದ ಬಾಗಿಲನ್ನು ಬಿಟ್ಟು, ಹಲ್ಲಿನಿಂದ ಮೂಳೆಯೊಳಗೆ ಹಾದು ಸದ್ದು ಒಳಗೆ ಬರುತ್ತಿತ್ತು. ಕೀಯನ್ನು ಹಿಡಿದು ಅರ್ಧ ಸುತ್ತು ತಿರುಗಿಸಿದ. ಸುಯ್ ಅನ್ನುವುದು ತಗ್ಗಿತು. ಇನ್ನೊಂದು ಸುತ್ತು, ಇನ್ನೂ ತಗ್ಗಿತು. ವಾಲ್ವ್ ಪೂರ್ತಿ ತೆರೆದುಕೊಂಡಾಗ ಅದು ಪೂರ್ತಿ ನಿಂತುಹೋಯಿತು, ನೀರು ಮಾತ್ರ ದೊಡ್ಡ ಉಸಿರಿನ ಹಾಗೆ ಹರಿಯುವುದು ಹಲ್ಲಿಗೆ ತಿಳಿಯುತ್ತಿತ್ತು. ಅವನ ಕೈ ಕೀಯ ಮೇಲೆಯೇ ಉಳಿಯಿತು. ಹೋದ ವಾರ ಮೇಲಿನ ಬೀದಿಗಾದರೂ ನೀರು ಏರಲಿ ಎಂದು ಇದೇ ವಾಲ್ವನ್ನು ಅರ್ಧ ಮುಚ್ಚಿಸಿದ್ದು ತಾನೇ. ಅರ್ಧ ಮುಚ್ಚಿದ ವಾಲ್ವಿನಲ್ಲಿ ನೀರು ನುಸುಳುವಾಗ ಥೇಟ್ ಸೋರಿಕೆಯಂತೆಯೇ ಸದ್ದಾಗುತ್ತದೆ, ಕೇಳುವ ಮುಂಚೆ ವಾಲ್ವ್ ಪೂರ್ತಿ ಬಿಡಬೇಕು. ಇದು ಮೊದಲ ದಿನದ ಮೊದಲ ಪಾಠ. ಹೋದ ವಾರ ಅದನ್ನೇ ಮರೆತಿದ್ದ. ತಾನೇ ಬಿಗಿಸಿದ್ದ ವಾಲ್ವಿನ ಸದ್ದು ಕೇಳಿ ಪಾಪದ ಟೈಲರನ ಮೆಟ್ಟಿಲು ಕೀಳಿಸಿದ್ದ. ನಾಚಿಕೆಯಿಂದ ಅವನ ಮುಖಕ್ಕೆ ರಕ್ತ ನುಗ್ಗಿತು. ಆದರೆ ಆ ನಾಚಿಕೆಯ ಬೆನ್ನ ಹಿಂದೆಯೇ ಇನ್ನೊಂದು ಏನೋ ಓಡೋಡಿ ಬರುತ್ತಿತ್ತು. ಗುಂಡನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದ. ಅದರ ಮೇಲೆ ಸುತ್ತ ಸಣ್ಣ ತಗ್ಗುಗಳಿದ್ದವು. ಇಷ್ಟು ವರ್ಷ ಕಿವಿಗೆ ಒತ್ತುತ್ತಿದ್ದ ಅವನ್ನು ಬಿದ್ದು ಆದ ಪೆಟ್ಟು ಅಂದುಕೊಂಡಿದ್ದ. ಮೇಲೆ ನಾಲ್ಕು, ಕೆಳಗೆ ನಾಲ್ಕು. ಬೆರಳಾಡಿಸಿದ. ಹಲ್ಲು. ಮುದುಕನ ಹಲ್ಲು ವರ್ಷಗಟ್ಟಲೆ ಕೂತ ಜಾಗ.

ಹಾಗಾದರೆ ಮುದುಕನಿಗೂ ಕೇಳಿಸುತ್ತಿರಲಿಲ್ಲ. ಕೂಗಿದರೆ ತಿರುಗುತ್ತಿರಲಿಲ್ಲ, ಅವನಿಗೂ ಕೊಬ್ಬು ಅನ್ನುತ್ತಿದ್ದರು. ಎಲ್ಲದಕ್ಕೂ ಹೂಂ. ಏನು ಕೇಳಿಸ್ತು ಹೇಳು ಅಂದದ್ದು ಪರೀಕ್ಷೆಯಲ್ಲ, ತನ್ನ ಹಲ್ಲಿಗೆ ತಿಳಿದದ್ದನ್ನು ಶಿಷ್ಯನ ಕಿವಿ ಕೇಳಿದ್ದರ ಜೊತೆ, ತುಟಿ ಓದಿ, ತಾಳೆ ನೋಡಿಕೊಳ್ಳುತ್ತಿದ್ದ. ಕಿವಿ ಹೋಗಿಯೂ ಊರಿನ ಪೈಪುಗಳನ್ನೆಲ್ಲ ಕಾದ, ಯಾರಿಗೂ ಬಿಟ್ಟುಕೊಡಲಿಲ್ಲ, ಹೋಗುವಾಗ ಗುಟ್ಟನ್ನು ಶಿಷ್ಯನ ಕೈಗೇ ಇಟ್ಟು ಹೋದ. ಅಯ್ಯೋ ಕಳ್ಳ ಮುದುಕ, ಒಂದು ಮಾತು ಹೇಳಬಾರದಿತ್ತೇ ಎಂದು ಮೇಸ್ತ್ರಿಗೆ ನಗು ಬಂತು, ಕಣ್ಣೂ ಮಂಜಾಯಿತು. ತಾನಾದರೂ ಯಾರಿಗೆ ಹೇಳಿದ್ದೆ? ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ನಿಂತ.

ಆಮೇಲೆ ಆ ಬೀದಿ ನೋಡಿದ್ದು ಒಂದು ತಮಾಷೆ. ಕಿವಿ ಮೇಸ್ತ್ರಿ ಮನೆಮನೆಯ ಮುಂದಿನ ನೀರಿನ ಮೀಟರಿನ ಹತ್ತಿರ ಮೊಣಕಾಲೂರಿ, ಸಲಾಕೆಯ ತುದಿಯನ್ನು ಪೈಪಿಗೆ ಊರಿ, ಗುಂಡನ್ನು ಕಚ್ಚಿ, ಒಳ್ಳೆಯ ಎಡಗಿವಿಗೆ ಬೆರಳು ತುರುಕಿಕೊಂಡು ಕಣ್ಣುಮುಚ್ಚಿದ. ಬೆರಳು ಇಟ್ಟರೆ ಬೀದಿಯೇ ಮಾಯ. ಲಾರಿ ಇಲ್ಲ, ಶಾಲೆಯ ಮಕ್ಕಳ ಗದ್ದಲವಿಲ್ಲ, ಹಾರ್ನ್ ಇಲ್ಲ, ಪೈಪು ಹೇಳುವುದೊಂದೇ ಮಾತು. ಎರಡು ಕಿವಿಯೂ ಸರಿಯಿದ್ದ ಕಾಲದಲ್ಲಿ ಕೂಡ, ಹಾಡುಹಗಲಲ್ಲಿ ಅವನಿಗೆ ಇಷ್ಟು ಶುದ್ಧವಾಗಿ ಕೇಳಿಸಿದ್ದಿಲ್ಲ. ಟೈಲರ್ ಅಂಗಡಿಯ ಮುಂದೆ ಏನೂ ಇಲ್ಲ. ದಿನಸಿ ಅಂಗಡಿಯ ಮುಂದೆ ಎಳೆಯಷ್ಟು. ಮುಂದಿನ ಮನೆಯಲ್ಲಿ ಆ ಎಳೆ ದಪ್ಪವಾಯಿತು. ಮೇಡಂ ಅವನ ಹಿಂದೆಯೇ ಬರುತ್ತಿದ್ದರು, ಅಂಗಡಿಯವರು ಕೆಲಸ ಬಿಟ್ಟು ಹೊರಗೆ ಬಂದಿದ್ದರು. ಯಾರೋ, ಮೇಸ್ತ್ರಿ ಹಸಿದಿದ್ದಾನೆ, ಕಬ್ಬಿಣ ತಿನ್ನುತ್ತಿದ್ದಾನೆ ಅಂದರಂತೆ. ಅವನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಲೆಕ್ಕಕ್ಕಿಡುತ್ತಿರಲಿಲ್ಲ. ಶಾಲೆಯ ಗೇಟಿನ ಪಕ್ಕದ ಮೀಟರಿನಲ್ಲಿ ಸದ್ದು ದವಡೆ ನಡುಗಿಸುವಷ್ಟಾಯಿತು, ಅದರಾಚೆಯ ಮನೆಯಲ್ಲಿ ಮತ್ತೆ ತೆಳುವಾಯಿತು. ಹಿಂದಕ್ಕೆ ಬಂದು, ರಸ್ತೆಯ ಮೇಲೆಯೇ ಅಲ್ಲಿ ಇಲ್ಲಿ ಊರಿ ಕಚ್ಚಿ, ಗೇಟಿನ ಎದುರು ಹಳೆಯ ಕಲ್ಲುಚರಂಡಿ ಬೀದಿಯನ್ನು ದಾಟುವ ಕಡೆ ಸೀಮೆಸುಣ್ಣದ ಗುರುತು ಹಾಕಿದ.

ಮೇಡಂ ಗುರುತು ನೋಡಿದರು, ಅವನನ್ನು ನೋಡಿದರು. ಶಾಲೆಯ ಮುಂದೆ ಅಗೆಯುವುದೆಂದರೆ ಹುಡುಗಾಟವಲ್ಲ. ಅವರು ಅವನ ಎದುರಿಗೆ ಬಂದು ಬಿಡಿಸಿ ಬಿಡಿಸಿ ಕೇಳಿದರು:

"ಹೋದ ವಾರಾನೂ ಖಾತ್ರಿ ಅಂದಿದ್ರಿ. ಇವತ್ತು ಯಾವ ಕಿವೀಲಿ ಕೇಳಿದ್ರಿ ಮೇಸ್ತ್ರಿ?"

"ಕಿವೀಲಲ್ಲ ಮೇಡಂ, ಹಲ್ಲಲ್ಲಿ. ಹೋದ ವಾರ ಕೇಳಿದ್ದು ನಾನೇ ಅರ್ಧ ಮುಚ್ಚಿಸಿದ್ದ ವಾಲ್ವಿನ ಸದ್ದು. ಬೇಕಿದ್ರೆ ನೀವೇ ಕಚ್ಚಿ ನೋಡಿ."

ಬೀದಿ ಗೊಳ್ಳೆಂದು ನಕ್ಕಿತು. ಮೇಡಂ ನಗಲಿಲ್ಲ. ಸಲಾಕೆ ಇಸಿದುಕೊಂಡು, ಸೆರಗಿನ ತುದಿಯಿಂದ ಗುಂಡನ್ನು ಚೆನ್ನಾಗಿ ಒರೆಸಿ, ಕನ್ನಡಕ ಮೇಲಕ್ಕೆ ಏರಿಸಿ, ಅಷ್ಟು ಜನರ ಮುಂದೆ ಬಗ್ಗಿ ಕಚ್ಚಿದರು. ಎರಡೂ ಕಿವಿಗೆ ಬೆರಳಿಟ್ಟುಕೊಳ್ಳಲು ಅವನು ಸನ್ನೆ ಮಾಡಿದ. ಇಟ್ಟುಕೊಂಡರು. ಮೊದಲು ಅವರ ಹುಬ್ಬು ಗಂಟಾಗಿತ್ತು, ಆಮೇಲೆ ಬಿಚ್ಚಿಕೊಂಡಿತು. ಗುರುತಿನಿಂದ ಆಚೆ ಹೋಗಿ ಕಚ್ಚಿದರು, ಮತ್ತೆ ಗುರುತಿಗೆ ಬಂದು ಕಚ್ಚಿದರು. ನೆಟ್ಟಗಾಗಿ ನಿಂತಾಗ ಮುಖದಲ್ಲಿ ಇಂಜಿನಿಯರ್ ಎಂಬುದೇ ಇರಲಿಲ್ಲ, ಗಾಳಿಪಟ ಮೇಲೇರಿದ್ದನ್ನು ಕಂಡ ಹುಡುಗಿಯ ಮುಖವಾಗಿತ್ತು. "ಅಗೀರಿ," ಅಂದರು.

ಅಗೆದರು. ಪಿಕಾಸಿಯ ಮೊದಲ ಏಟುಗಳಿಗೆ ಒಣಮಣ್ಣೇ ಬಂತು, ಅಷ್ಟರಲ್ಲಿ ಬಂದು ಸೇರಿದ ಬಾಮೈದ ಗುದ್ದಲಿ ಹಿಡಿದು ಭಾವನ ಮುಖವನ್ನೇ ನೋಡುತ್ತಿದ್ದ. ಮೊಣಕಾಲಾಳಕ್ಕೂ ಒಣಮಣ್ಣು. ಹೋದ ವಾರ ಕೆಮ್ಮಿದವನು ಗುಂಪಿನಲ್ಲಿ ಮುಂದೆ ಬಂದು ನಿಂತಿದ್ದಾನೆಂದು ಮೇಸ್ತ್ರಿಗೆ ಕಂಡಿತು. ಸ್ಟೋರಿನ ಕತ್ತಲೆ ಕೋಣೆ, ತುಕ್ಕು ಹಿಡಿದ ಬೋಲ್ಟುಗಳು, ಮರ್ಯಾದೆಯ ಕಾಫಿ ನೆನಪಾದವು. ಆದರೆ ಹಲ್ಲಿನಲ್ಲಿ ಆ ನಡುಕ ಇನ್ನೂ ಉಳಿದಿತ್ತು, ಅದನ್ನು ಸುಳ್ಳೆನ್ನಲು ಅವನಿಂದ ಆಗಲಿಲ್ಲ. ಇನ್ನೂ ಕೆಳಗೆ, ಅಂದ. ಸೊಂಟದಾಳದಲ್ಲಿ ಬಾಮೈದನ ಗುದ್ದಲಿ ಪಚಕ್ ಎಂದಿತು. ಮಣ್ಣು ಕಪ್ಪಾಯಿತು, ಕೆಸರಾಯಿತು, ಕಲ್ಲೊಂದನ್ನು ಎಬ್ಬಿಸಿದ್ದೇ ತಡ ನೀರು ಚಿಮ್ಮಿ ಬಾಮೈದನನ್ನು ತಲೆಯಿಂದ ಕಾಲಿನವರೆಗೆ ತೋಯಿಸಿ, ಗುಂಡಿಯಂಚಿನಲ್ಲಿ ಬಗ್ಗಿ ನೋಡುತ್ತಿದ್ದ ಕೆಮ್ಮಿನವನ ಅಂಗಿಯನ್ನೂ ಬಿಡಲಿಲ್ಲ. ಒಡೆದ ಜಾಯಿಂಟಿನ ನೀರೆಲ್ಲ ಕಲ್ಲುಚರಂಡಿಯ ಸಂದಿನಲ್ಲಿ ಇಳಿದು ಊರಾಚೆ ಸಾಗುತ್ತಿತ್ತು, ಅದಕ್ಕೇ ಮೇಲೆ ಒದ್ದೆಯಿರಲಿಲ್ಲ. ಶಾಲೆಯ ಮಕ್ಕಳು ಗೇಟಿನ ಸರಳುಗಳಿಗೆ ಜೋತುಬಿದ್ದು ಕೂಗಿದರು. "ಭಾವ, ಸ್ನಾನ ಮಾಡಿ ಎಷ್ಟು ದಿನ ಆಗಿತ್ತು ಗೊತ್ತಾ," ಎಂದು ಬಾಮೈದ ಕೆಸರಿನಲ್ಲೇ ನಿಂತು ನಗುತ್ತಿದ್ದ. ಮೇಸ್ತ್ರಿ ಗೆದ್ದಿದ್ದ. ಗೆದ್ದದ್ದನ್ನು ಮುಚ್ಚಿಟ್ಟುಕೊಳ್ಳುವಷ್ಟು ದೊಡ್ಡ ಮನುಷ್ಯ ಅವನಲ್ಲ, ಸಲಾಕೆಯನ್ನು ನೆಟ್ಟಗೆ ಊರಿಕೊಂಡು ಎಲ್ಲರಿಗೂ ಕಾಣುವಂತೆ ನಿಂತ.

ವಾಲ್ವ್ ಮುಚ್ಚಿ, ಜಾಯಿಂಟಿಗೆ ಕಬ್ಬಿಣದ ಪಟ್ಟಿ ಬಿಗಿದು, ಮತ್ತೆ ವಾಲ್ವ್ ಬಿಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಇವತ್ತು ನೀರು ನಿಲ್ಲಿಸಬೇಡಿ ಎಂದು ಮೇಡಂ ಟ್ಯಾಂಕಿನವರಿಗೆ ಹೇಳಿದರು. ಅದರ ನಡುವೆಯೇ ಮೇಸ್ತ್ರಿ ಟೈಲರನ ಮೆಟ್ಟಿಲುಕಲ್ಲನ್ನು ತಾನೇ ಕೂರಿಸಿ, ಅದರ ಮೇಲೆ ಎರಡು ಸಲ ಕುಣಿದು ತೋರಿಸಿ ಬಂದಿದ್ದ. ಈಗ ಎಲ್ಲರೂ ಕೆಳಗಿನ ಬೀದಿಯ ಕೊನೆಯಲ್ಲಿ, ಬಾಮೈದನ ಮನೆಯ ಮುಂದಿನ ಕೊಳಾಯಿಯ ಸುತ್ತ ನಿಂತಿದ್ದರು. ಕೊಳಾಯಿ ಮೊದಲು ಕೆಮ್ಮಿತು, ಗಾಳಿ ಕಾರಿತು, ಕೆಂಪು ನೀರು ಉಗುಳಿತು, ಆಮೇಲೆ ಒಂದೇ ಧಾರೆಯಾಗಿ ತಿಳಿನೀರು ಸುರಿಯಿತು. ಸಾಲಾಗಿ ಒಂದೊಂದು ಮನೆಯಿಂದಲೂ ಕೂಗು ಎದ್ದಿತು. ಹೆಂಡತಿ ಮೇಲಿನಿಂದ ಹೊತ್ತು ತಂದ ಕೊಡವನ್ನು ಜಗಲಿಯ ಮೇಲೆ ಇಳಿಸಿ, ತಮ್ಮನ ಮನೆಯ ಖಾಲಿ ಹಿತ್ತಾಳೆ ಬಿಂದಿಗೆಯನ್ನು ಕೊಳಾಯಿಗೆ ಹಿಡಿದಳು. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು, ಆದರೆ ಅಷ್ಟು ಜನರ ನಡುವೆ ಅದನ್ನು ಎಲ್ಲಿಡುವುದೆಂದು ಅವಳಿಗೆ ತೋಚದೆ ಬಿಂದಿಗೆಯನ್ನೇ ನೋಡುತ್ತಿದ್ದಳು. ಅವನು ಹತ್ತಿರ ಬಂದು ನಿಂತ. ಅವಳು ಅವನ ಬಲಮಗ್ಗುಲಿಗೆ ಸರಿದು, ಕತ್ತೆತ್ತದೆ ಏನೋ ಅಂದಳು.

ಹೂಂ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಏನಂದೆ?" ಎಂದ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ನಂಗೆ ಆ ಕಿವಿ ಕೇಳಿಸಲ್ಲ. ಈ ಕಡೆ ಬಂದು ಹೇಳು."

ಬಾಮೈದ ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದು ನಿಂತ. ಮುದುಕಿಯೊಬ್ಬಳು ಪಕ್ಕದವಳನ್ನು ನೋಡಿದಳು. ಹೆಂಡತಿ ಮಾತ್ರ ಏನೂ ಆಗದವಳಂತೆ ತುಂಬುತ್ತಿದ್ದ ಬಿಂದಿಗೆಯ ಮೇಲಿನಿಂದ ಕೈ ತೆಗೆಯಲಿಲ್ಲ.

"ಗೊತ್ತು," ಅಂದಳು, ಈಗ ಅವನ ಮುಖ ನೋಡಿ. "ವರ್ಷದಿಂದ ಗೋಡೆಗೆ ಒತ್ತಿಕೊಂಡು ಊಟಕ್ಕೆ ಕೂರ್ತಿಲ್ವ ನಾನು? ನಿಮಗೆ ಕೇಳಿಸದೆ ಇರಲಿ ಅಂತಲೇ ಆ ಕಡೆಯಿಂದ ಹೇಳಿದ್ದು."

ಗೋಡೆ, ತಟ್ಟೆ, ಎರಡೆರಡು ಸಲ ಆಡಿದ ಮಾತುಗಳು, ಎಲ್ಲ ಒಟ್ಟಿಗೆ ಅವನ ಕಣ್ಣಮುಂದೆ ಬಂದವು. ತಾನು ಬಚ್ಚಿಟ್ಟದ್ದನ್ನು ಇವಳು ತನಗೂ ತಿಳಿಯದ ಹಾಗೆ ಕಾಪಾಡಿಕೊಂಡು ಬಂದಿದ್ದಳು. ಸಲಾಕೆಯ ತುದಿಯನ್ನು ಹಿತ್ತಾಳೆ ಬಿಂದಿಗೆಯ ಹೊಟ್ಟೆಗೆ ಒತ್ತಿ, ಗುಂಡನ್ನು ಮುದುಕನ ಹಲ್ಲಿನ ಗುರುತಿಗೇ ತನ್ನ ಹಲ್ಲು ಕೂರಿಸಿ ಕಚ್ಚಿದ. ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಈಗ ಹೇಳು ಎಂದು ಕಣ್ಣಿನಲ್ಲೇ ಅಂದ. ಸುತ್ತ ನಿಂತವರೆಲ್ಲ ನಗತೊಡಗಿದರು, ಅದು ಅವನಿಗೆ ಕೇಳಿಸಲಿಲ್ಲ. ನೀರು ಬಿಂದಿಗೆಯಲ್ಲಿ ಏರುವುದು ಕೇಳಿಸುತ್ತಿತ್ತು. ಅವಳು ಕೊಳಾಯಿ ನಿಲ್ಲಿಸಿದಳು. ನಾಚಿಕೊಂಡು, ಅತ್ತ ಇತ್ತ ನೋಡಿ, ಕೊನೆಗೆ ಬಗ್ಗಿ ಬಿಂದಿಗೆಯ ಬಾಯಿಗೆ ಬಾಯಿಟ್ಟು ಹೇಳಿದಳು. ಬಲಗಡೆ, ತಲೆಯೊಳಗೆ, ತುಂಬ ಹತ್ತಿರದಲ್ಲಿ ಅವಳ ದನಿ ಬಂತು.

"ಇನ್ಮೇಲೆ ಹಲ್ಲು ಜೋಪಾನ, ಅಂದೆ."